ಟೆಂಪೊ ಹತ್ತಿದ ನನ್ನ ಹೆಸರು

ನಿಮ್ಮ ಯಜಮಾನರು ಎಂದಾದರೂ ಬೇರೆ ಹೆಂಗಸಿನ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡು ಘಟ್ಟ ಹತ್ತಿದ್ದಾರೆಯೇ? ಅದೂ ನೀವು ತಲೆಕೂದಲೆಲ್ಲ ಉದುರಿ, ಬಾಯಿಗೆ ಅನ್ನ ಸೇರದೆ, ಮನೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿರುವಾಗ? ಇಲ್ಲ ಅಲ್ಲವೇ? ಹಾಗಿದ್ದರೆ ಹೊಟ್ಟೆಕಿಚ್ಚು ಅಂದರೆ ಏನು ಅಂತ ನಿಮಗೆ ಪೂರ್ತಿ ಗೊತ್ತಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ. ಮೊಮ್ಮಗಳು ಈ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಇನ್ನೂ ತಿಂಗಳಾಗಿಲ್ಲ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಚಹಾ ಆರಿ ಹೋಗುತ್ತದೆ. ಆದರೂ ಇದನ್ನು ಬೇರೆಯವರ ಕೈಲಿ ಬರೆಸುವ ಹಾಗಿಲ್ಲ. ಬರೆಯುವಾಗ ಅವರು ನನ್ನ ಹೊಟ್ಟೆಕಿಚ್ಚನ್ನು ಸೋಸಿಬಿಡುತ್ತಾರೆ.

ನಾನು ನೀಲವ್ವ. ನಾವು ಧಾರವಾಡದ ಕಡೆಯವರು. ಮದುವೆಯಾದ ಹೊಸದರಲ್ಲೇ ಯಜಮಾನರು ಗೋವಾಕ್ಕೆ ಬಂದು ಮಡಗಾಂವಿನ ಪಕ್ಕದ ಫಾತೋರ್ಡಾದಲ್ಲಿ ಸೈಕಲ್ ಅಂಗಡಿ ಇಟ್ಟರು. ಕಟ್ಟಡ ಕೆಲಸಕ್ಕೆ ಬಂದ ನಮ್ಮ ಸೀಮೆಯ ಹುಡುಗರು ಮೊದಲ ಪಗಾರದಲ್ಲಿ ಕೊಳ್ಳುತ್ತಿದ್ದದ್ದು ನಮ್ಮ ಅಂಗಡಿಯ ಹಳೆಯ ಸೈಕಲ್ಲನ್ನೇ. ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಸೈಕಲ್ ಒಂದೇ ಒಂದು, ಅದು ಯಜಮಾನರ ಸ್ವಂತದ್ದು. ಕರೀದು, ಭಾರದ್ದು, ಹಿಂದೆ ಅಗಲವಾದ ಕ್ಯಾರಿಯರ್. ಬೆಳಿಗ್ಗೆ ಅದನ್ನು ಎಣ್ಣೆಬಟ್ಟೆಯಿಂದ ಒರೆಸದೆ ಅವರು ಚಹಾ ಕುಡಿಯುತ್ತಿರಲಿಲ್ಲ. ನನ್ನ ಮೊದಲ ಸವತಿ ಅದೇ. ಎರಡನೆಯವಳ ಕಥೆ ಈಗ ಬರುತ್ತದೆ.

ಎರಡು ಸಾವಿರದ ಒಂಬತ್ತರಲ್ಲಿ ಒಂದು ದಿನ ಸ್ನಾನ ಮಾಡುವಾಗ ಎಡಗಡೆಯ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಏನಿಲ್ಲ. ನೋಯದ್ದನ್ನು ಯಾರಿಗೆ ಹೇಳುವುದು? ಸೊಸೆ ಸುಮಾ ತುಂಬು ಬಸುರಿ. ಅವಳ ಬಾಣಂತನ ಮುಗಿಯಲಿ ಅಂದುಕೊಂಡೆ. ಬಾಣಂತನ ಮುಗಿಯುವ ಹೊತ್ತಿಗೆ ಕಡಲೆಕಾಳು ನೆಲ್ಲಿಕಾಯಿಯಾಗಿತ್ತು. ಓದುತ್ತಿರುವ ಹೆಣ್ಣುಮಕ್ಕಳಿಗೆ ಒಂದೇ ಮಾತು: ನೋಯದ ಗಂಟನ್ನೂ ಹೇಳಿ. ನನ್ನ ಉಪದೇಶ ಇಷ್ಟೇ, ಮುಂದೆ ಇಲ್ಲ.

ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ವಿಷಯ ಹೇಳಿದ ದಿನ ಯಜಮಾನರು "ಹೂಂ" ಅಂದರು. ಅಂಗಡಿಗೆ ಬಂದವರೇ ಗೋಡೆಗೆ ನೇತುಹಾಕಿದ್ದ ಹೊಸ ಚಕ್ರವೊಂದನ್ನು ಇಳಿಸಿ ಅದರ ಕಡ್ಡಿಗಳನ್ನೆಲ್ಲ ಬಿಗಿ ಮಾಡುತ್ತ ಕೂತರು. ಆ ಚಕ್ರದಲ್ಲಿ ಯಾವ ದೋಷವೂ ಇರಲಿಲ್ಲ. ಸಂಜೆಯ ಹೊತ್ತಿಗೆ ಬಿಗಿ ಹೆಚ್ಚಾಗಿ ಅದು ಸೊಟ್ಟಗಾಗಿತ್ತು.

ಸುದ್ದಿ ಕೇಳಿ ಧಾರವಾಡದಿಂದ ನನ್ನ ನೆಗೆಣ್ಣಿ ಬಂದಳು. ಬಾಗಿಲಲ್ಲೇ ಕೊರಳಿಗೆ ಬಿದ್ದು, "ಎಂಥಾ ಜೀವ ಇತ್ತವಾ ನಿಂದು!" ಅಂತ ಅತ್ತಳು. ಇತ್ತಂತೆ! ನಾನು ಅವಳ ಎದುರಿಗೇ ಚಹಾದ ಕಪ್ಪು ಹಿಡಿದು ನಿಂತಿದ್ದೇನೆ.

"ಇನ್ನೂ ಐತಿ ಬಾ, ಚಾ ಆರ್ತೈತಿ" ಅಂದೆ.

ಆಪರೇಷನ್ ಆಯಿತು. ಒಂದು ಬದಿ ಚಪ್ಪಟೆಯಾಯಿತು. ಆಮೇಲೆ ಆರು ಸಲ ಕೀಮೋ ಅಂದರು. ನಮ್ಮ ಮನೆಯಲ್ಲಿ ಅದಕ್ಕೆ ಸೂಜಿ ಅಂತಲೇ ಹೆಸರು. ಮೂರು ವಾರಕ್ಕೊಮ್ಮೆ ಬೆಳಿಗ್ಗೆ ಬಸ್ಸಿನಲ್ಲಿ ಹೋಗಬೇಕು, ಉದ್ದನೆಯ ಹಾಲ್‌ನಲ್ಲಿ ಕೂರಬೇಕು, ಹೆಸರು ಕೂಗುವ ತನಕ ಕಾಯಬೇಕು. ಆ ಕಾಯುವಿಕೆ ಇದೆಯಲ್ಲ, ಅದಕ್ಕಿಂತ ಸೂಜಿಯೇ ವಾಸಿ. ಪಂಖಾ ಕಟಕಟ ಅನ್ನುತ್ತದೆ. ಎಲ್ಲರೂ ಎಲ್ಲರ ತಲೆ ನೋಡುತ್ತಾರೆ. ಯಾರ ಕೂದಲು ಎಷ್ಟು ಉಳಿದಿದೆ, ಯಾರ ಜೊತೆ ಯಾರು ಬಂದಿದ್ದಾರೆ, ಯಾರ ಡಬ್ಬಿಯಲ್ಲಿ ಏನಿದೆ. ನಾನೂ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ? ಅಲ್ಲಿ ಕೂತವರಲ್ಲಿ ನನಗಿಂತ ಸ್ವಲ್ಪ ಚೆನ್ನಾಗಿದ್ದವರನ್ನೆಲ್ಲ ಕಂಡರೆ ನನಗೆ ಆಗುತ್ತಿರಲಿಲ್ಲ. ನನಗಿಂತ ಕೆಟ್ಟು ಹೋದವರನ್ನು ಕಂಡರೆ ಹೆದರಿಕೆ. ಹೀಗಾಗಿ ಕಣ್ಣಿಡಲು ಜಾಗವೇ ಇರಲಿಲ್ಲ.

ಅಲ್ಲಿಗೆ ಬರುತ್ತಿದ್ದವಳು ಫಿಲೋಮಿನಾ. ಕೊರ್ತಾಲಿಮ್‌ನಲ್ಲಿ ಬಟ್ಟೆ ಹೊಲಿಯುವ ಕ್ರಿಸ್ತರ ಹೆಂಗಸು. ವಿಧವೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅವಳ ಗಿರಾಕಿಗಳೆಲ್ಲ ನಮ್ಮ ಕಡೆಯ ಕೂಲಿ ಹೆಂಗಸರು, ಹಾಗಾಗಿ ನಮ್ಮ ಕನ್ನಡವನ್ನೇ ಲಬಲಬ ಮಾತಾಡುತ್ತಿದ್ದಳು. ಬಹುವಚನ ಮಾತ್ರ ಕಲಿತಿರಲಿಲ್ಲ, ಡಾಕ್ಟರಿಗೂ "ನೀ" ಅನ್ನುತ್ತಿದ್ದಳು, ನನ್ನನ್ನು ಗೋವಾದವರು ಹೆಂಗಸರನ್ನು ಕರೆಯುವ ಹಾಗೆ "ಬಾಯ್" ಅನ್ನುತ್ತಿದ್ದಳು. ಸೂಜಿಗೆ ಬರುವಾಗ ತುಟಿಗೆ ಬಣ್ಣ, ಹೂವಿನ ಫ್ರಾಕು, ತಲೆಗೆ ಹೆಗಲವರೆಗೆ ಇಳಿಯುವ ನಕಲಿ ಕೂದಲು. ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗುಬ್ಬಿಯ ಹಾಗೆ ಕೂತಿದ್ದರೆ ಅವಳು ಮದುವೆ ಮನೆಗೆ ಬಂದವಳ ಹಾಗೆ ಎಲ್ಲರನ್ನೂ ಮಾತಾಡಿಸುತ್ತ ತಿರುಗುವಳು. ವಾಂತಿ ಬರುವ ಹಾಗಾದಾಗ ನೆಕ್ಕಲು ಉಪ್ಪು ಸವರಿದ ಲಿಂಬೆಯ ಹೋಳನ್ನು ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದಳು. ಮೊದಲ ದಿನವೇ ನನ್ನ ಅಂಗೈಗೂ ಒಂದು ಹೋಳು ಇಟ್ಟಳು. ನೆಕ್ಕಿದೆ. ಜೀವ ಬಂತು. ಅದಕ್ಕೂ ಸಿಟ್ಟು ಬಂತು. ಇದು ನನಗೆ ಯಾಕೆ ಹೊಳೆಯಲಿಲ್ಲ?

ಆ ವರ್ಷದ ಚಳಿಗಾಲದಲ್ಲಿ ಮಡಗಾಂವಿನ ಸೈಕಲ್ ಪ್ರಿಯರ ಗುಂಪೊಂದು ಧರ್ಮಾರ್ಥ ಸವಾರಿ ಹೊರಡಿಸಿತು. ಮಡಗಾಂವಿನಿಂದ ಸಾಂಖಳಿ, ಅಲ್ಲಿ ವಸ್ತಿ. ಮರುದಿನ ಚೋರ್ಲಾ ಘಾಟ್ ಹತ್ತಿ ಬೆಳಗಾವಿ. ಕೂಡಿದ ಹಣ ದೂರದೂರಿಂದ ಬರುವ ರೋಗಿಗಳ ಔಷಧಕ್ಕೆ. ಒಬ್ಬೊಬ್ಬ ಸವಾರ ಒಬ್ಬೊಬ್ಬ ರೋಗಿಯ ಹೆಸರನ್ನು ಬಟ್ಟೆಯ ಮೇಲೆ ಬರೆಸಿ ಬೆನ್ನಿಗೆ ಕಟ್ಟಿಕೊಳ್ಳಬೇಕು. ಯಜಮಾನರು ಎಲ್ಲರ ಸೈಕಲ್ ಸರಿಮಾಡಿ ಕೊಡಲು ಹೋದವರು ತಾವೂ ಹೆಸರು ಕೊಟ್ಟು ಬಂದರು. ನಾನು ಹಿಗ್ಗಿ ಹೋದೆ. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಹೆಸರನ್ನು ಜನರ ಮುಂದೆ ಒಮ್ಮೆಯೂ ಕರೆಯದ ಮನುಷ್ಯ ಅದನ್ನು ಬೆನ್ನ ಮೇಲೆ ಹೊತ್ತು ಬೆಳಗಾವಿ ಪೇಟೆಯಲ್ಲಿ ಮೆರೆಯುವುದು ಅಂದರೇನು ಸಾಮಾನ್ಯವೇ?

ಮೂರನೆಯ ಸೂಜಿಯ ದಿನ ಡಾಕ್ಟರಮ್ಮ ಹಾಲ್‌ನಲ್ಲಿ ಸವಾರರನ್ನೆಲ್ಲ ಸೇರಿಸಿದರು. "ಮನೆಯವರ ಹೆಸರನ್ನು ಮನೆಯವರು ಹೊರುವ ಹಾಗಿಲ್ಲ. ಗೊತ್ತಿಲ್ಲದವರೊಬ್ಬರು ನಮಗಾಗಿ ಬೆವರು ಸುರಿಸಿದರು ಅಂತ ರೋಗಿಗೆ ಅನಿಸಬೇಕು" ಅಂದರು. ಚೀಟಿ ಹಾಕಲು ಡಬ್ಬಿ ಬೇಕಿತ್ತು. ಕೊಟ್ಟವಳು ನಾನೇ, ನನ್ನ ಉಪ್ಪಿಟ್ಟಿನ ಡಬ್ಬಿ. ಆ ಡಬ್ಬಿಯಲ್ಲಿ ಕೈ ಹಾಕಿ ಯಜಮಾನರು ಚೀಟಿ ತೆಗೆದರು, ಬಿಡಿಸಿ ಓದಿದರು. ಓದಿ ನಕ್ಕರು.

"ಸಾಯ್ಬಾ!" ಅಂತ ದೇವರನ್ನು ಕೂಗಿ ಫಿಲೋಮಿನಾ ಕುರ್ಚಿಯಿಂದ ಎದ್ದೇ ಬಿಟ್ಟಳು. "ಸೈಕಲ್ ಸೇಠ್ ನನಗ ಬಂದ! ಬಾಯ್, ನೋಡಲ್ಲಿ, ನಿನ್ನ ಗಂಡ ನನ್ನ ಪಾಲಿಗೆ ಬಂದ!"

ಇಡೀ ಹಾಲ್ ನಕ್ಕಿತು. ಕೇರಳದ ಸಿಸ್ಟರ್‌ಗೆ ಕನ್ನಡ ಬಾರದು, ಅವಳೂ ನಕ್ಕಳು. ನಾನೂ ಹಲ್ಲು ತೋರಿಸಿದೆ. ಒಳಗೆ ಮಾತ್ರ ಯಾರೋ ಹಸಿಮೆಣಸು ಅರೆದ ಹಾಗಾಯಿತು.

ನನ್ನ ಹೆಸರು ಹೋದದ್ದು ಕಾಮತರ ಪಾಲಿಗೆ. ಬ್ಯಾಂಕಿನ ಅಧಿಕಾರಿ, ಒಳ್ಳೆಯ ಮನುಷ್ಯ. ಹಿಂದೆ ಧಾರವಾಡದಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಬರುತ್ತಿತ್ತು. ಸೈಕಲ್ಲಿಗೆ ಇಪ್ಪತ್ತು ಗೇರು, ಮೈಗೆ ಬಿಗಿಯಾದ ಹಸಿರು ಅಂಗಿ, ಆ ಅಂಗಿಯೊಳಗೆ ಹಿಡಿಸಲಾರದ ಹೊಟ್ಟೆ. ಎದೆಯ ಮೇಲೆ ಕೈಯಿಟ್ಟು, "ನಿಮ್ಮ ಹೆಸರನ್ನು ಬೆಳಗಾವಿ ಮುಟ್ಟಿಸುವುದು ನನ್ನ ಜವಾಬ್ದಾರಿ ಬಾಯಿಯವರೇ" ಅಂದರು. ನಾನು ಅವರ ಎದೆ ನೋಡಲಿಲ್ಲ, ಹೊಟ್ಟೆ ನೋಡಿದೆ.

ಆಮೇಲಿನ ದಿನಗಳು ಶುದ್ಧ ಹೊಟ್ಟೆಕಿಚ್ಚಿನವು. ಯಜಮಾನರು ನಸುಕಿಗೇ ಎದ್ದು ವೆರ್ಣಾದ ಏರಿನವರೆಗೆ ಸೈಕಲ್ ಹೊಡೆದು ಬರುವರು. ಬಂದು ಮೊಳಕೆಯ ಹೆಸರುಕಾಳು, ಹಾಲು, ಬಾಳೆಹಣ್ಣು ಅಂತ ಬಾಯಿ ಚಪ್ಪರಿಸಿ ತಿನ್ನುವರು. ನನಗೆ ರೊಟ್ಟಿ ತಿಂದರೆ ಕಬ್ಬಿಣ ತಿಂದ ಹಾಗೆ, ಶೇಂಗಾ ಚಟ್ನಿ ಮಣ್ಣಿನ ಹಾಗೆ. ನನ್ನ ತೂಕ ಇಳಿಯಿತು, ಜನ ಅಯ್ಯೋ ಅಂದರು. ಅವರ ತೂಕವೂ ಇಳಿಯಿತು, ಜನ ಭೇಷ್ ಅಂದರು. ಅಂಗಡಿಗೆ ಬಂದವರು ಅವರ ಬೆನ್ನು ತಟ್ಟಿ, "ಹೆಂಗ ತಡ್ಕೊಂಡೀರಿ ಸಾವ್ಕಾರ್ರ, ನಿಮ್ಮ ಧೈರ್ಯ ದೊಡ್ಡದು" ಅನ್ನುವರು. ಸೂಜಿ ಚುಚ್ಚಿಸಿಕೊಂಡವಳು ಅಂಗಡಿಯ ಪರದೆಯ ಹಿಂದೆ ಮನೆಯೊಳಗೆ ಇದ್ದಾಳೆ, ಧೈರ್ಯ ಅವರದ್ದಂತೆ!

ಮೇಲಿಂದ ಫಿಲೋಮಿನಾ ತನ್ನ ಹೆಸರಿನ ಬಟ್ಟೆಯನ್ನು ತಾನೇ ಹೊಲಿದು ಕಳಿಸಿದಳು. ಹಳದಿ ಬಟ್ಟೆ, ಕೆಂಪು ದಾರದ ಅಕ್ಷರ, ಅಂಚಿಗೆ ಬಿಳಿ ಲೇಸು. ನನ್ನ ಹೆಸರಿನ ಬಟ್ಟೆಯನ್ನು ಗುಂಪಿನವರೇ ಮಾಡಿಸಿದ್ದರು, ಹಿಟ್ಟಿನ ಚೀಲದ ಹಾಗಿತ್ತು. ಫಾತೋರ್ಡಾದ ಮೈದಾನದ ಮುಂದಿನಿಂದ ಅವರೆಲ್ಲ ಹೊರಟ ಬೆಳಿಗ್ಗೆ ನಾನು ರಿಕ್ಷಾದಲ್ಲಿ ಕೂತು ನೋಡಿದೆ. ಗೇರಿನ ಸೈಕಲ್ಲುಗಳ ನಡುವೆ ನಮ್ಮ ಕರಿ ಸೈಕಲ್. ಅದರ ಮೇಲೆ ನನ್ನ ಗಂಡ. ಅವರ ಬೆನ್ನ ಮೇಲೆ ಲೇಸು ಹಚ್ಚಿದ ಫಿಲೋಮಿನಾ. ದಾರಿ ತಿರುಗುವ ತನಕ ಕಂಡದ್ದು ಆ ಹೆಸರೇ.

ಮೂರನೆಯ ದಿನ ಯಜಮಾನರು ಬೆಳಗಾವಿಯಿಂದ ಬಸ್ಸಿನ ಮೇಲೆ ಸೈಕಲ್ ಹೇರಿಕೊಂಡು ಬಂದರು. ಕೊರಳಲ್ಲಿ ಬಾಡಿದ ಹಾರ, ಒಂದು ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ಎಲ್ಲರ ಹೆಸರೂ ಮುಟ್ಟಿದವೇ ಅಂದೆ. "ಹೂಂ" ಅಂದು ಆ ಕಡೆ ನೋಡಿದರು. ಆ ಹೂಂ ನನಗೆ ಗೊತ್ತಿರುವ ಹೂಂ.

ಖರೆ ಹೇಳಿದವರು ಕಾಮತರೇ. ಸಂಜೆ ಒಂದು ಡಬ್ಬಿ ಬೆಳಗಾವಿ ಕುಂದಾ ಹಿಡಿದು ಮನೆಗೆ ಬಂದರು. ಚಪ್ಪಲಿ ಬಿಡುವಾಗಲೇ ಮುಖ ಸಣ್ಣದಾಗಿತ್ತು.

"ಬಾಯಿಯವರೇ, ಕ್ಷಮಿಸಬೇಕು. ಕೇರಿ ಊರು ದಾಟಿ ಘಟ್ಟ ಶುರುವಾಯಿತು ನೋಡಿ, ಮೂರನೆಯ ತಿರುವಿನಲ್ಲಿ ಮೀನಖಂಡ ಹಿಡಿದುಕೊಂಡಿತು. ಕಾಲು ಎತ್ತಲಾಗಲಿಲ್ಲ. ಅಲ್ಲಿಂದ ಟೆಂಪೊ ಹತ್ತಿದೆ."

"ಟೆಂಪೊ?"

"ಬಾಳೆಹಣ್ಣು, ನೀರಿನ ಕ್ಯಾನು ಹೇರಿಕೊಂಡು ಹಿಂದೆ ಬರುತ್ತಿತ್ತಲ್ಲ, ಅದು. ಬೆಳಗಾವಿ ಹತ್ತಿರ ಇಳಿದು ಮತ್ತೆ ಸೈಕಲ್ ಹೊಡೆದೆ."

"ಹಾರ ಹಾಕಿದ್ರೇನು?"

ಕಾಮತರು ತಲೆ ತಗ್ಗಿಸಿದರು. ಹಾಕಿದ್ದರು.

ಅವರು ಹೋದ ಮೇಲೆ ನಾನು ಕುಂದಾದ ಡಬ್ಬಿಯನ್ನು ಮುಟ್ಟಲಿಲ್ಲ. ನಮ್ಮ ಸೀಮೆಯವರಿಗೆ ನನ್ನ ಸಂಕಟ ಗೊತ್ತಾಗುತ್ತದೆ, ಬೇರೆಯವರಿಗೆ ಹೇಳುತ್ತೇನೆ. ನಮ್ಮಲ್ಲಿ ಮನೆಯವರಿಗೆ ಜಡ್ಡಾದರೆ ಇನ್ನೊಬ್ಬರು ಅವರ ಹೆಸರಿನಲ್ಲಿ ದೀಡ ನಮಸ್ಕಾರ ಹೊರುತ್ತಾರೆ. ದೇವರ ಗುಡಿಯ ತನಕ ಉದ್ದಕ್ಕೆ ಮಲಗುವುದು, ಕೈ ಮುಟ್ಟಿದಲ್ಲಿ ಗೆರೆ ಎಳೆಯುವುದು, ಆ ಗೆರೆಯ ಮೇಲೆ ನಿಂತು ಮತ್ತೆ ಮಲಗುವುದು. ನಡುವೆ ಒಬ್ಬರಿಗೆ ಆಗದಿದ್ದರೆ ಮನೆಯ ಇನ್ನೊಬ್ಬರು ಅದೇ ಗೆರೆಯಿಂದ ಮುಂದುವರಿಸಬೇಕು. ನನ್ನ ಅತ್ತೆ ನನ್ನ ಮಗನ ವಿಷಮಜ್ವರಕ್ಕೆ ಹೀಗೆ ಹೊತ್ತಿದ್ದಳು. ದಾರಿಯಲ್ಲಿ ತಲೆ ತಿರುಗಿ ಬಿದ್ದಾಗ ನಾನು ಅವಳ ಗೆರೆಯ ಮೇಲೆ ನಿಂತು ಗುಡಿ ಮುಟ್ಟಿಸಿದ್ದೆ. ಗೆರೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದವರನ್ನು ನಾನು ನೋಡಿಲ್ಲ. ಈಗ ನನ್ನ ಗೆರೆ ಚೋರ್ಲಾ ಘಾಟಿನ ಮೂರನೆಯ ತಿರುವಿನಲ್ಲಿ ಬಿದ್ದಿತ್ತು. ಫಿಲೋಮಿನಾಳದ್ದು ಬೆಳಗಾವಿ ಮುಟ್ಟಿತ್ತು. ಅದೂ ನನ್ನ ಗಂಡನ ಕಾಲಿನಿಂದ.

ನಾಲ್ಕನೆಯ ಸೂಜಿಯ ದಿನ ಬಂತು. ನಾನು ಸೀರೆ ಉಡಲಿಲ್ಲ.

"ಅದು ಹರಕಿ ಅಲ್ಲ ನೀಲಾ, ಬಡವರ ಔಷಧಕ್ಕ ರೊಕ್ಕಾ ಕೂಡ್ಸೂ ಸವಾರಿ" ಅಂದರು ಯಜಮಾನರು.

"ಹೆಸರು ಬರದು ಬೆನ್ನಿಗೆ ಕಟ್ಕೊಂಡ ಮ್ಯಾಲೆ ಹರಕೀನ ಅದು. ಅಕಿ ಹೆಸರು ಹಾರ ಹಾಕ್ಕೊಂಡು ಮೆರದೈತಿ. ನಂದು ಬಾಳಿಹಣ್ಣಿನ ಬುಟ್ಟಿ ಮ್ಯಾಲೆ ಕುಂತು ಹೋಗೇತಿ."

"ಹಂಗಾರ ಈಗೇನ್ ಮಾಡ್ಬೇಕಂತಿ?"

"ಎಲ್ಲಿ ತುಂಡಾಗೇತಿ, ಅಲ್ಲಿಂದ ಮುಂದ ಹೋಗ್ಬೇಕು. ಅಲ್ಲೀ ತನಕ ನಾ ಸೂಜಿಗೆ ಬರೂದಿಲ್ಲ."

"ನಡಿ, ನಾನ ಹೋಗ್ತೇನಿ" ಅಂತ ಎದ್ದರು. ಮೊಣಕಾಲು ಚುಳುಕ್ ಅಂದು ಅಲ್ಲೇ ಕೂತರು.

ಸುಮಾ ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. "ಅತ್ತೀ, ಇದರ ಮಾರಿ ನೋಡಿಯಾದ್ರೂ ಹೊಂಡ್ರಿ. ತಡಾ ಮಾಡಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ." ಕೂಸು ನನ್ನ ಬೋಳುತಲೆ ನೋಡಿ ನಕ್ಕಿತು. ಅದರ ತಲೆಯೂ ಹಾಗೇ ಇತ್ತು, ಆದರೆ ಅದಕ್ಕೆ ಕೂದಲು ಬರುವುದು ಖಾತ್ರಿ. ಆ ಕೂಸಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನನ್ನ ಸ್ಥಿತಿ ತಿಳಿದುಕೊಳ್ಳಿ. ನಾನು ಏಳಲಿಲ್ಲ.

ಈಗ ಹೇಳಬಲ್ಲೆ. ನನ್ನನ್ನು ಹಿಡಿದು ಕೂರಿಸಿದ್ದು ಬರೀ ಹರಕೆಯಲ್ಲ. ಮೂರನೆಯ ಸೂಜಿ ನನ್ನನ್ನು ಹಿಂಡಿ ಹಾಕಿತ್ತು. ಕೆಂಪು ಔಷಧದ ಬಾಟಲಿ ನೆನಪಾದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ. ಇನ್ನೂ ಮೂರು ಉಳಿದಿವೆ ಅನ್ನುವುದು ಒಂದು ಬೆಟ್ಟದ ಹಾಗೆ ಕಾಣುತ್ತಿತ್ತು. ಹೆದರಿಕೆ ಅಂತ ಹೇಳಿದರೆ ಎಲ್ಲರೂ ಧೈರ್ಯ ಹೇಳಲು ಬರುತ್ತಾರೆ, ಅವರ ಧೈರ್ಯ ಕೇಳುವುದೇ ಒಂದು ಶಿಕ್ಷೆ. ಸಿಟ್ಟು ಅಂದರೆ ಯಾರೂ ಹತ್ತಿರ ಬರುವುದಿಲ್ಲ. ಆದರೆ ಟೆಂಪೊ ಹತ್ತಿದ ಹೆಸರು ಅಪಶಕುನ ಅನ್ನುವುದನ್ನೂ ನಾನು ಖರೇನೇ ನಂಬಿದ್ದೆ. ಎರಡೂ ಒಟ್ಟಿಗೆ ಇದ್ದವು.

ಹೀಗೆ ನಾಲ್ಕು ದಿನ ಕಳೆದವು. ಐದನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಫಿಲೋಮಿನಾ. ಕೊರ್ತಾಲಿಮ್‌ನಿಂದ ಎರಡು ಬಸ್ ಬದಲಿಸಿ ಬಂದಿದ್ದಳು. ತುಟಿಯ ಬಣ್ಣ, ಫ್ರಾಕು, ನಕಲಿ ಕೂದಲು, ಎಲ್ಲ ಸರಂಜಾಮಿನ ಸಮೇತ.

"ಬಾಯ್, ಮೊನ್ನೆ ಯಾಕ ಬರ್ಲಿಲ್ಲ ನೀ? ನಿನ್ನ ಕುರ್ಚಿ ಮ್ಯಾಲೆ ಒಂದು ಮುದುಕ ಕುಂತಿದ್ದ, ಭಾಳ ಕೆಮ್ತಾನ."

ಸುಮಾ ಎಲ್ಲ ಹೇಳಿಬಿಟ್ಟಳು. ಫಿಲೋಮಿನಾ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಅದೂ ಖರೇನ ಐತಿ. ನಾವೂ ಚರ್ಚಿಗೆ ಬರಿಗಾಲಿಲೆ ನಡೀತೀವಿ ಅಂತ ಹೊತ್ಕೊಂಡ್ರ ನಡುವ ರಿಕ್ಷಾ ಹತ್ತೂದಿಲ್ಲ" ಅಂದಳು. ಆಮೇಲೆ ಅಂಗಳದಲ್ಲಿ ನಿಂತಿದ್ದ ಕರಿ ಸೈಕಲ್ಲಿನ ಹತ್ತಿರ ಹೋಗಿ ಅದರ ಸೀಟಿನ ಮೇಲೆ ಕೈಯಾಡಿಸಿದಳು. "ಒಂದು ಕೆಲಸ ಮಾಡೂಣು. ಸೇಠ್ ನನ್ನ ಹೆಸರು ಹೊತ್ತ. ನಾ ನಿನ್ನ ಹೆಸರು ಹೊರ್ತೀನಿ. ಹುಡುಗಿ ಇದ್ದಾಗ ಹೊಲಿಗಿ ಕಲಿಯಾಕ ಇಂಥಾದ ಸೈಕಲ್ ಹೊಡಕೊಂಡು ಹೋಗ್ತಿದ್ದೆ. ನನಗ ಬರ್ತೈತಿ."

ನನಗೆ ಸೈಕಲ್ ಬರುವುದಿಲ್ಲ. ಸೈಕಲ್ ಅಂಗಡಿಯವನ ಹೆಂಡತಿ, ಮೂವತ್ತು ವರ್ಷ ಕ್ಯಾರಿಯರ್ ಮೇಲೆ ಕೂತವಳು. ಇವಳಿಗೆ ಬರುತ್ತದಂತೆ. ನನ್ನ ಗಂಡನ ಸೈಕಲ್ಲಿನ ಮೇಲೆ, ನನ್ನ ಹೆಸರು ಕಟ್ಟಿಕೊಂಡು, ಲೇಸಿನ ಫ್ರಾಕು ಹಾರಿಸುತ್ತ ಇವಳು ಘಟ್ಟ ಹತ್ತುವುದು, ಜನ ಚಪ್ಪಾಳೆ ತಟ್ಟುವುದು! ನನ್ನ ಜಡ್ಡಿನ ಪುಣ್ಯವೂ ಇವಳ ಪಾಲಾಗುವುದು!

"ಏನೂ ಬ್ಯಾಡ" ಅಂದೆ. ಎದ್ದು ನಿಂತೆ. ಎಷ್ಟೋ ದಿನದ ಮೇಲೆ ಯಾರ ಆಸರೆಯೂ ಇಲ್ಲದೆ ಎದ್ದದ್ದು ಅಂತ ಆಮೇಲೆ ಸುಮಾ ಹೇಳಿದಳು. "ನನ್ನ ಹೆಸರು ನಾನ ಹೊರ್ತೇನಿ."

ಡಾಕ್ಟರಮ್ಮನಿಗೆ ಫೋನು ಹೋಯಿತು. ಅವರು "ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ, ದಣಿವಾದ ತಕ್ಷಣ ಕೂರಲಿ, ಅಲ್ಲಿಂದ ಬಂದ ಮೇಲೆ ಸೂಜಿಗೆ ಬರಲಿ" ಅಂದರಂತೆ. ಕಾಮತರಿಗೂ ಫೋನು ಹೋಯಿತು. ಮರುದಿನ ಬೆಳಿಗ್ಗೆಯೇ ಕಾರು ತಂದರು. ಕಾರಿನ ನೆತ್ತಿಯ ಮೇಲೆ ಕರಿ ಸೈಕಲ್ ಕಟ್ಟಿ, ಒಳಗೆ ನಾವು ನಾಲ್ವರು. ಫಿಲೋಮಿನಾ ತಾನೂ ಬರುತ್ತೇನೆ ಅಂದದ್ದಕ್ಕೆ ಬೇಡ ಅನ್ನಲಾಗಲಿಲ್ಲ. ಆದರೆ ನಡುವೆ ನಾನೇ ಕೂತೆ.

ಕೇರಿ ದಾಟಿ ಘಟ್ಟ ಶುರುವಾಯಿತು. ಆಗ ಚೋರ್ಲಾದ ರಸ್ತೆಗೆ ಇನ್ನೂ ಹೊಸ ಡಾಂಬರಿನ ಕಪ್ಪು. ಮೂರನೆಯ ತಿರುವಿನಲ್ಲಿ ಕಾಮತರು ಕಾರು ನಿಲ್ಲಿಸಿ, ಇಳಿದು, ಒಂದು ಮತ್ತಿಮರದ ಬುಡ ತೋರಿಸಿ, "ಇಲ್ಲೇ" ಅಂದರು. ಯಜಮಾನರು ಕೋಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದರು. ಯಾರೂ ಹೇಳಿರಲಿಲ್ಲ, ತಾವಾಗಿ ಎಳೆದರು. ಕಾಮತರು ತಂದಿದ್ದ ಹಿಟ್ಟಿನ ಚೀಲದಂಥ ಆ ಬಟ್ಟೆಯನ್ನು ಫಿಲೋಮಿನಾ ನನ್ನ ಬೆನ್ನಿಗೆ ಕಟ್ಟಿದಳು. ಆಪರೇಷನ್ ಆದ ಕಡೆ ದಾರ ಉಜ್ಜದ ಹಾಗೆ ಮಡಚಿ, ಸಡಿಲಾಗಿ ಕಟ್ಟಿದಳು. ಅವಳಿಗೂ ಅದೇ ಬದಿ.

ಬಲಗೈಯಲ್ಲಿ ಹ್ಯಾಂಡಲ್ ಹಿಡಿದು ಗೆರೆ ದಾಟಿದೆ. ಸೈಕಲ್ಲಿನ ಆ ಬದಿಗೆ ಯಜಮಾನರು ಕುಂಟುತ್ತ ಸೀಟು ಹಿಡಿದರು. ಒಬ್ಬರಿಗೆ ಮೊಣಕಾಲಿಲ್ಲ, ಒಬ್ಬರಿಗೆ ಉಸಿರಿಲ್ಲ. ನಡುವೆ ಸೈಕಲ್ಲೇ ನಮ್ಮಿಬ್ಬರನ್ನೂ ನಡೆಸಿಕೊಂಡು ಹೋಯಿತು. ಹಿಂದೆ ಫಿಲೋಮಿನಾಳನ್ನು ಕೂರಿಸಿಕೊಂಡು ಕಾಮತರ ಕಾರು ತೆವಳುತ್ತ ಬರುತ್ತಿತ್ತು. ಎದುರಿಂದ ಬರುವ ಲಾರಿಯವರು ಹಾರ್ನ್ ಹೊಡೆದು ನೋಡುತ್ತ ಹೋಗುತ್ತಿದ್ದರು.

"ಅಕಿ ಹೆಸರು ಭಾಳ ಭಾರ ಇತ್ತೇನ್ರಿ?" ಅಂದೆ.

"ಹೆಸರು ಏನ್ ಭಾರ? ನೀ ಒಬ್ಬಾಕಿನ ಮನ್ಯಾಗ ಇದ್ದಿ ಅನ್ನೂದ ಭಾರ ಇತ್ತು."

"ಹಂಗಾರ ನನ್ನ ಹೆಸರು ಇಲ್ಲಿ ಇಳಿದು ಟೆಂಪೊ ಹತ್ತುವಾಗ ಯಾಕ ನೋಡ್ಲಿಲ್ಲ?"

"ನಾ ಮುಂದ ಇದ್ದೆ."

"ಹೂಂ. ಅಕೀನ ಕರ್ಕೊಂಡು ಮುಂದ ಇದ್ರಿ."

ಸೀಟಿನ ಮೇಲಿದ್ದ ಅವರ ಕೈ ಹ್ಯಾಂಡಲ್ ಮೇಲಿನ ನನ್ನ ಕೈಯ ಹತ್ತಿರ ಬಂತು. ಅಲ್ಲೇ ಇತ್ತು. ನಾನೂ ಸರಿಸಲಿಲ್ಲ.

ಮುಂದಿನ ತಿರುವಿನ ತನಕ ನಡೆದೆ. ನಿಮಗೆ ಅದು ಏನೂ ಅಲ್ಲದ ದೂರ. ಕಣ್ಣಿಗೆ ಕತ್ತಲೆ ಬಂದು ಮೈಲಿಗಲ್ಲಿನ ಮೇಲೆ ಕೂತೆ. ಗೆರೆ ಎಳೆದು ಹಿಂದಕ್ಕೆ ಹೋಗುವುದೋ, ಇನ್ನೊಬ್ಬರ ಕೈಗೆ ಕೊಡುವುದೋ? ನನ್ನ ಅತ್ತೆ ಬಿದ್ದ ಜಾಗದಲ್ಲಿ ನಾನು ನಿಂತಿರಲಿಲ್ಲವೇ? ಬಟ್ಟೆಯ ದಾರ ಬಿಚ್ಚಿದೆ. ಯಾರ ಕೈಗೆ ಕೊಡಬೇಕು ಅಂತ ಮೂವರನ್ನೂ ನೋಡಿದೆ. ಮನಸ್ಸಿಲ್ಲದ ಮನಸ್ಸಿನಿಂದ ಫಿಲೋಮಿನಾಳ ಕೈಗೆ ಕೊಟ್ಟೆ.

ಅವಳು ಬಟ್ಟೆ ಕಟ್ಟಿಕೊಂಡು ಸ್ವಲ್ಪ ದೂರ ಸೈಕಲ್ ನೂಕಿದಳು. ನಡುವೆ ಒಂದು ಸಮತಟ್ಟು ಬಂತು. ಫ್ರಾಕನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದಳು, ಗಂಡಸರ ಸೈಕಲ್ಲಿನ ನಡುಕೋಲಿನ ಮೇಲಿಂದ ಕಾಲು ಹಾಯಿಸಿದಳು, ಹೋದಳು! ಓಲಾಡುತ್ತ, ಕಿರುಚುತ್ತ, ಗಂಟೆ ಹೊಡೆಯುತ್ತ. ಕಣಿವೆಯ ಕಡೆಯಿಂದ ಬೀಸಿದ ಗಾಳಿಗೆ ಅವಳ ನಕಲಿ ಕೂದಲು ತಲೆಯಿಂದ ಎದ್ದು, ಗಾಳಿಯಲ್ಲಿ ಒಂದು ಸುತ್ತು ಹೊಡೆದು, ಕೆಳಗಿನ ಕಾಡಿಗೆ ಹೋಯಿತು.

ಫಿಲೋಮಿನಾ ಬ್ರೇಕು ಹಾಕಿ ತಿರುಗಿ ನೋಡಿದಳು.

"ಹೋಗ್ಲಿ ಬಿಡು!" ಅಂತ ಕೂಗಿದಳು. "ಮಂಗ್ಯಾ ಹಾಕ್ಕೊಂಡು ಮದವಿ ಆಗ್ಲಿ!"

ನಾನು ನಕ್ಕೆ. ಹೊಲಿಗೆ ಹಾಕಿದ ಜಾಗ ನೋಯುವಷ್ಟು ನಕ್ಕೆ. ಆದರೂ ಬಿಸಿಲಿಗೆ ಹೊಳೆಯುತ್ತಿದ್ದ ಅವಳ ಬೋಳುತಲೆ ನೋಡಿ ಒಂದು ಮಾತು ಮನಸ್ಸಿನಲ್ಲಿ ಬಂದೇ ಬಂತು: ನೋಡು, ಇವಳ ಬೋಳುತಲೆಯೂ ಎಷ್ಟು ಚೆಂದ ಗುಂಡಗಿದೆ, ನನ್ನದು ಸೋರೆಕಾಯಿ.

ಮುಂದಿನ ಕಡಿದಾದ ಏರು ಕಾಮತರದ್ದು. ಕಾರನ್ನು ಬದಿಗೆ ನಿಲ್ಲಿಸಿ ಬಂದರು. ಬಟ್ಟೆಯ ದಾರ ಅವರ ಹೊಟ್ಟೆ ಸುತ್ತಿ ಬರಲಿಲ್ಲ, ಫಿಲೋಮಿನಾ ತನ್ನ ತಲೆಗೆಂದು ತಂದಿದ್ದ ರಿಬ್ಬನ್ ಸೇರಿಸಿ ಕಟ್ಟಿದಳು. ಮೂರು ಸಲ ನಿಂತರು, ಒಂದು ಸಲ ಕೂತರು, ಆದರೆ ಕಾರಿನ ಕಡೆ ತಿರುಗಿ ನೋಡಲಿಲ್ಲ. ಏರು ಮುಗಿದ ಮೇಲೆ ಸೈಕಲ್ಲನ್ನು ಅಲ್ಲೇ ನಿಲ್ಲಿಸಿ, ಇಳಿದು ಬಂದು, ನಮ್ಮನ್ನು ಕಾರಿನಲ್ಲಿ ಮೇಲಕ್ಕೆ ಕರೆದೊಯ್ದರು. ಕೊನೆಯ ತುಂಡು ಯಜಮಾನರದ್ದು. ಘಟ್ಟದ ನೆತ್ತಿಯಲ್ಲಿ ಕುಂಕುಮ ಮೆತ್ತಿದ ಒಂದು ಕಲ್ಲು, ಲಾರಿಯವರು ಕಾಯಿ ಒಡೆದ ಚಿಪ್ಪುಗಳು. ಅಲ್ಲಿ ಸೈಕಲ್ಲನ್ನು ನಿಲ್ಲಿಸಿ ನನ್ನ ಹೆಸರಿನ ಬಟ್ಟೆಯನ್ನು ಕಲ್ಲಿನ ಮುಂದೆ ಹಾಸಿದೆವು.

"ಬೆಳಗಾವಿ ತನಕ ಹೋಗಬೇಕಲ್ಲವೇ?" ಅಂತ ಕಾಮತರು ಬೆವರು ಒರೆಸುತ್ತ ಹೆದರಿ ಕೇಳಿದರು.

"ಹತ್ತೂದಷ್ಟ ನಮ್ಮ ಕೆಲಸ" ಅಂತ ನಾನೇ ತೀರ್ಪು ಕೊಟ್ಟೆ. "ಇಲ್ಲಿಂದ ಮುಂದ ನಮ್ಮ ಸೀಮಿ. ಹೆಸರು ತಾನ ಉರುಳ್ಕೋತ ಹೋಗ್ತೈತಿ."

ಕಾರಿನಲ್ಲಿ ಫಿಲೋಮಿನಾ ಕಟ್ಟಿ ತಂದಿದ್ದ ಪಾವು, ಬಾಳೆಹಣ್ಣು ಹಂಚಿದಳು. ಪಾವು ನನಗೆ ಪಾವಿನ ಹಾಗೇ ರುಚಿಸಿತು. ಯಾರಿಗೂ ಹೇಳಲಿಲ್ಲ, ಇನ್ನೊಂದು ಇಸಿದುಕೊಂಡು ತಿಂದೆ.

ಆರೂ ಸೂಜಿ ಮುಗಿದವು, ನೀವು ಇದನ್ನು ಓದುತ್ತಿದ್ದೀರಿ ಅಂದಮೇಲೆ ಅದು ಹೇಳಬೇಕಾಗಿಲ್ಲ. ಫಿಲೋಮಿನಾಳದ್ದೂ ಮುಗಿಯಿತು. ಅವಳ ಕೂದಲು ಮೊದಲಿಗಿಂತ ಗುಂಗುರಾಗಿ ಬಂತು, ನನ್ನದು ಬೆಳ್ಳಗೆ ಬಂತು. ಆ ಅನ್ಯಾಯವನ್ನು ನಾನು ಇನ್ನೂ ಮರೆತಿಲ್ಲ. ಹರಕೆ ಫಲಿಸಿತೋ ಔಷಧ ಫಲಿಸಿತೋ ಅಂತ ಕೇಳುವವರಿದ್ದಾರೆ. ನನಗೆ ಗೊತ್ತಿಲ್ಲ. ಹರಕೆ ಮುಟ್ಟದಿದ್ದರೆ ನಾನು ಔಷಧದ ಹತ್ತಿರ ಹೋಗುತ್ತಿರಲಿಲ್ಲ ಅನ್ನುವುದು ಮಾತ್ರ ಗೊತ್ತು.

ಘಟ್ಟದಿಂದ ಬಂದ ಮಾರನೆಯ ದಿನವೇ ಹಾಲ್‌ಗೆ ಹೋದೆ. ಅವತ್ತು ಫಿಲೋಮಿನಾಳ ಸರದಿ ಅಲ್ಲ, ಆದರೂ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ತಲೆಗೆ ಏನೂ ಇಲ್ಲದೆ. ಸಿಸ್ಟರ್ ಕೆಂಪು ಔಷಧದ ಬಾಟಲಿ ನೇತುಹಾಕಿದಳು. ಅದನ್ನು ಕಂಡದ್ದೇ ನನ್ನ ಕೈ ತಾನಾಗಿ ಸೆರಗಿನೊಳಗೆ ಹೋಯಿತು. ಬಾಗಿಲ ಹೊರಗೆ ಬೆಂಚಿನ ಮೇಲೆ ಯಜಮಾನರು ಕಾಲು ಚಾಚಿ ಕೂತಿದ್ದರು. ಫಿಲೋಮಿನಾ ಅವರಿಗೆ ಕೈಬೀಸಿದಳು, ಅವರೂ ಕೈಬೀಸಿದರು. ಎಷ್ಟು ದಿನದಿಂದ ನುಂಗಿಕೊಂಡಿದ್ದೆನೋ ಅದು ಬಾಯಿಗೆ ಬಂದೇ ಬಿಟ್ಟಿತು.

"ಖರೆ ಹೇಳು" ಅಂದೆ. "ನಾ ಸತ್ತರ ನನ್ನ ಗಂಡನ್ನ ಮದವಿ ಆಗ್ತಿಯೇನು?"

ಫಿಲೋಮಿನಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಗಂಡನ್ನ ನೀನ ಇಟ್ಕೊ ಬಾಯ್" ಅಂದಳು. "ನಾ ಕಣ್ಣು ಹಾಕಿದ್ದು ಸೈಕಲ್ ಮ್ಯಾಲೆ. ಸಾಯೂದಾದ್ರ ಅದನ್ನ ನನ್ನ ಹೆಸರಿಗೆ ಮಾಡಿ ಸಾಯಿ. ಇಲ್ಲಾಂದ್ರ ಸುಮ್ನ ಕೈ ಚಾಚು, ಸಿಸ್ಟರ್ ಕಾಯಾಕತ್ತಾಳ."